ಹೊಗೆಗೊಳವೆಯುಳ್ಳ ಒಲೆ

ಮಲೆನಾಡಿನ ಮಳೆಗಾಲದಲ್ಲಿ ಚಳಿಗಾಗಿ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಪ್ರಾಣಾಪಾಯಕರವಾದುದು. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡೆಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದಕಾರಣ ನಿದ್ರಿಸುವವರಿಗೆ ಅದರ ಸುಳಿವೇ ಹತ್ತದು.

ಹೊಗೆಗೊಳವೆಯುಳ್ಳ ಒಲೆಯನ್ನು ಕಟ್ಟಿಸುವುದೇ ಮೇಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ವಿಭಾಗವು ರೂಪಿಸಿದ ಒಲೆಯಲ್ಲಿ ಮೂರು ಪಾತ್ರೆಗಳಿಗೆ ಸ್ಥಳವೂ, ಸೌದೆಯ ಅಡಿಯಿಂದ ಗಾಳಿಯಾಡಲು ಜಾಲರಿಯೂ ಇರುತ್ತವೆ. ಅಡಿಗೆಯಾಗುತ್ತಲೇ ಒಲೆಯ ಮೈ ಕಾದು ಕೋಣೆಯೂ ಬೆಚ್ಚಗಾಗುವುದು.

ಕೊಳವೆಯ ತುದಿಯು ಮಾಡಿನ ನೆತ್ತಿಗಿಂತ ಎತ್ತರವಾಗಿರತಕ್ಕದ್ದು. ಇಲ್ಲವಾದರೆ ಗಾಳಿಯು ಹೊಗೆಯನ್ನು ಒಳಕ್ಕೆ ತಳ್ಳುವುದು. ಕೊಳವೆಯು ಹುಲ್ಲಿಗಾಗಲಿ ಮರಕ್ಕಾಗಲಿ ತಗುಲಬಾರದು. ಹಸಿ ಸೌದೆಯನ್ನುರಿಸಿದರೆ ಮಸಿ ಹೆಚ್ಚುವುದು. ಮಸಿ ಕಟ್ಟಿದ ಕೊಳವೆಯೊಳಗೆ ಬೆಂಕಿ ಹೊತ್ತಿಕೊಳ್ಳುವ ಭಯವುಂಟು. ಆದುದರಿಂದ ಒಣಗಿದ ಸೌದೆಯನ್ನೇ ಉಪಯೋಗಿಸಿ, ಕೊಳವೆಯನ್ನು ಆಗಾಗ್ಗೆ ಶುಚಿಮಾಡಿಸಬೇಕು.

ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಮನೆಗಳಲ್ಲಿ ಕಟ್ಟಿಸಿ ತೋರಿಸಿದಲ್ಲಿ ಮಿಕ್ಕವರೂ ಅನುಸರಿಸುವರು.