ಶಾಖೆಯಿಂದ ಬೇರಿಗೆ

ಬಹುರಾಷ್ಟ್ರೀಯ ಉದ್ಯಮಗಳಲ್ಲಿ ಹೊಸ ವಿಚಾರಗಳೆಲ್ಲ ಮಾತೃಸಂಸ್ಥೆಯಲ್ಲಿ ಹುಟ್ಟುವುವೆಂದೂ, ಪರದೇಶದ ಶಾಖೆಗಳು ಆ ಸರಕನ್ನು ಮಾರಿದರೆ ಸಾಕೆಂದೂ ಬಹುಕಾಲ ತಿಳಿಯಲಾಗಿದ್ದಿತು. ಈ ತಿಳಿವಳಿಕೆ ಎಷ್ಟು ಅಪೂರ್ಣವೆಂಬುದಕ್ಕೆ ನಮ್ಮ ಬೆಂಗಳೂರಿನದೇ ಒಂದು ನಿದರ್ಶನವುಂಟು.

ಹೃದಯವು ಮಿಡಿಯುವಾಗ ಅದರ ಸ್ನಾಯುಗಳಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹರಿಯುತ್ತದೆ. ಚರ್ಮದ ಮೇಲೆ ಅದರ ಪ್ರಮಾಣ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಎದೆಗೂ ಕೈಕಾಲುಗಳಿಗೂ ಹತ್ತು ವಿದ್ಯುದ್ವಾರಗಳನ್ನು ಹಚ್ಚಿ, ಈ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವುದೇ ಇ.ಸಿ.ಜಿ. ಎದೆನೋವೆಂದು ಬಂದವರಲ್ಲಿ ವೈದ್ಯರು ಮೊದಲು ನೋಡುವುದು ಈ ಗೆರೆಯನ್ನು. ಹೃದಯಾಘಾತವಾಗಿದ್ದರೆ, ಚಿಕಿತ್ಸೆ ತಡವಾದಷ್ಟೂ ಸ್ನಾಯು ಸಾಯುತ್ತ ಹೋಗುತ್ತದೆ.

ಆದರೆ ಪಾಶ್ಚಾತ್ಯ ಆಸ್ಪತ್ರೆಗಳಿಗೆಂದು ರಚಿತವಾದ ಯಂತ್ರವು ಭಾರವಾದುದು, ದುಬಾರಿಯಾದುದು, ವಿದ್ಯುತ್ತು ಎಂದೂ ನಿಲ್ಲದೆಂಬ ನಂಬಿಕೆಯ ಮೇಲೆ ನಿಂತುದು. ನಮ್ಮ ಹಳ್ಳಿಯ ವೈದ್ಯರಿಗೆ ಅದು ಎಟುಕುವಂತಿರಲಿಲ್ಲ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 2000ದಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವನ್ನು ತೆರೆಯಿತು. ದಶಕ ಕಳೆಯುವುದರೊಳಗೆ ಅಲ್ಲಿಯ ಎಂಜಿನಿಯರುಗಳು ಮ್ಯಾಕ್ 400 ಎಂಬ ಇ.ಸಿ.ಜಿ. ಯಂತ್ರವನ್ನು ಸಿದ್ಧಪಡಿಸಿದರು. ಅದು ಚೀಲದಲ್ಲಿ ಒಯ್ಯಬಹುದಾದಷ್ಟು ಚಿಕ್ಕದು; ಬ್ಯಾಟರಿಯಿಂದಲೂ ನಡೆಯುವುದು. ಹಲವಾರು ಗುಂಡಿಗಳಿದ್ದೆಡೆ ನಾಲ್ಕೇ ಉಳಿದವು. ದೊಡ್ಡ ಮುದ್ರಣಯಂತ್ರದ ಬದಲು, ಬಸ್ಸಿನ ಟಿಕೇಟು ಮುದ್ರಿಸುವ ಯಂತ್ರಗಳಲ್ಲಿರುವಂಥ ಪುಟ್ಟ ಮುದ್ರಕವನ್ನು ಅಳವಡಿಸಿದರು. ನಿತ್ಯವೂ ಬಸ್ಸು ಹತ್ತುವವರಿಗೆ ಹೊಳೆಯಬಹುದಾದ ಉಪಾಯವಿದು! ಬೆಲೆ ಸುಮಾರು ಸಾವಿರ ಡಾಲರುಗಳಿಗೆ ಇಳಿಯಿತು.

ಇದೆಲ್ಲ ಬೆಂಗಳೂರಿನ ಸಾಹಸವೊಂದೇ ಎಂದು ನಾವು ಹೇಳಲಾರೆವು. ಗೆರೆಗಳನ್ನು ಓದಿ ಅರ್ಥ ಸೂಚಿಸುವ ಗಣಕ ಕ್ರಮವು ದೊಡ್ಡ ಯಂತ್ರಗಳಲ್ಲಿದ್ದುದೇ ಆಗಿದ್ದಿತು. ಅದು ಅಮೆರಿಕದಲ್ಲಿ ದಶಕಗಳ ದುಡಿಮೆಯಿಂದ ಬೆಳೆದುದು. ಶಾಖೆಯಲ್ಲಿದ್ದುದು ಕೊರತೆಯ ಅರಿವು. ಬೇರಿನಲ್ಲಿದ್ದುದು ಸಂಚಿತ ಜ್ಞಾನ. ಇವೆರಡೂ ಕೂಡಬೇಕಾದರೆ ಶಾಖೆಗೆ ಹಣವನ್ನೂ ಸ್ವಾತಂತ್ರ್ಯವನ್ನೂ ಕೊಡಬೇಕು. ಮಾತೃಸಂಸ್ಥೆಗೆ ಇದು ಸುಲಭವಲ್ಲ. ಅಗ್ಗದ ಯಂತ್ರವು ತನ್ನ ದುಬಾರಿ ಯಂತ್ರದ ವ್ಯಾಪಾರವನ್ನೇ ಕೆಡಿಸೀತೆಂಬ ಅಂಜಿಕೆ ಅದಕ್ಕೆ ಇದ್ದೇ ಇರುತ್ತದೆ.

ಆ ಅಂಜಿಕೆಗೆ ಚೀನದ ಶಾಖೆಯ ಅನುಭವ ಬೇರೊಂದು ಉತ್ತರವನ್ನಿತ್ತಿತು. ಶ್ರವಣಾತೀತ ಧ್ವನಿಯಿಂದ ದೇಹದ ಒಳಭಾಗವನ್ನು ತೋರಿಸುವ ಅಲ್ಟ್ರಾಸೌಂಡ್ ಯಂತ್ರವನ್ನು ಅಲ್ಲಿಯ ತಂಡವು 2002ರಲ್ಲಿ ಸಾಮಾನ್ಯ ಮಡಿಲ ಗಣಕಕ್ಕೆ ಜೋಡಿಸಿ, ಗ್ರಾಮಗಳ ಚಿಕಿತ್ಸಾಲಯಗಳಿಗೆ ಒದಗಿಸಿತು. ಮುಂದೆ ಅದು ಅಮೆರಿಕಕ್ಕೂ ಹೋಯಿತು. ದೊಡ್ಡ ಯಂತ್ರಗಳನ್ನು ಒಯ್ಯಲಾಗದ ಆಂಬುಲೆನ್ಸುಗಳಲ್ಲಿ, ಅಪಘಾತದ ಸ್ಥಳಗಳಲ್ಲಿ ಬಳಕೆಗೆ ಬಂದಿತು.