ಮಂಜಿನಲ್ಲಿ ಹಿಂದಿರುಗುವ ಧೈರ್ಯ

ಪುಷ್ಯಮಾಸದ ಮುಂಜಾವು. ಕುಂದಲಹಳ್ಳಿಯ ಕೆರೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಹಬ್ಬಿದೆ. ವಾಯುಸೇವನೆಗೆ ಹೊರಟವರಿಗೆ ಹತ್ತು ಮಾರು ದೂರದ ಮರವೂ ಕಾಣದು. ಆದರೇನು? ತುಸು ನಿಂತು, ಕಾಲೂರಿ ನೋಡಿ ಮುಂದೆ ಸಾಗಿದರಾಯಿತು. ಆದರೆ ಹಗುರ ವಿಮಾನದ ಚಾಲಕನಿಗೆ ನಿಲ್ಲುವ ಆ ಭಾಗ್ಯವಿಲ್ಲ.

ಕುಂದಲಹಳ್ಳಿಯ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣವಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ಕಾರ್ಖಾನೆಯ ನಿಲ್ದಾಣವಿದು. ವಿ. ಎಂ. ಘಾಟಗೆಯವರು ರೂಪಿಸಿದ ಇಬ್ಬರ ತರಬೇತಿ ವಿಮಾನ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟಿನಲ್ಲಿ. ಪ್ರಯಾಣಿಕ ವಿಮಾನಗಳು 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಗೆ ತೆರಳಿದ ಮೇಲೂ ಇಲ್ಲಿನ ಆಕಾಶ ಬರಿದಾಗಿಲ್ಲ. ಓಡುದಾರಿ ಪೂರ್ವ–ಪಶ್ಚಿಮವಾಗಿರುವುದರಿಂದ, ಪೂರ್ವದಿಂದ ಬಂದಿಳಿಯುವ ವಿಮಾನಕ್ಕೆ ಕುಂದಲಹಳ್ಳಿಯ ಕಡೆಯೇ ಹಾದಿ.

ಕಂಡೂ ಕಾಣದ ನೆಲ

ನಿರ್ಮಲವಾದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಕಳೆದುಕೊಳ್ಳುತ್ತದೆ. ಅದನ್ನು ತಾಕಿದ ತೇವದ ಗಾಳಿ ತಣಿದು ಮಂಜಾಗುತ್ತದೆ. ಇದರ ಕಪಟವೊಂದುಂಟು. 200 ಅಡಿ ದಪ್ಪದ ಮಂಜಿನ ಮೂಲಕ ಮೇಲಿನಿಂದ ನೇರವಾಗಿ ನೋಡಿದರೆ ಕೆರೆ, ರಸ್ತೆ, ಓಡುದಾರಿ ಎಲ್ಲವೂ ಕಂಡಾವು. ಚಾಲಕ ನಿಶ್ಚಿಂತನಾಗಿ ಇಳಿಯತೊಡಗುತ್ತಾನೆ. ಆಗ ಅವನ ನೋಟ ಓರೆಯಾಗುತ್ತದೆ. 3 ಡಿಗ್ರಿ ಇಳಿಜಾರಿನಲ್ಲಿ ಅದೇ ಮಂಜನ್ನು ಸುಮಾರು 3,800 ಅಡಿ ಉದ್ದಕ್ಕೆ ಭೇದಿಸಿ ನೋಡಬೇಕು! ಈಗತಾನೆ ಕಂಡ ನೆಲ, ಬೇಕಾದ ಗಳಿಗೆಯಲ್ಲೇ ಮಾಯವಾಗುತ್ತದೆ. ನೆಲವನ್ನು ಹುಡುಕುತ್ತ ಇನ್ನೂ ಕೆಳಗಿಳಿದರೆ ಮರ, ತಂತಿ, ಗೋಪುರ, ಬಹುಮಹಡಿ ಕಟ್ಟಡಗಳು ಎದುರಾಗುತ್ತವೆ.

ಕಿವಿ ಹೇಳುವ ಸುಳ್ಳು

ಕಣ್ಣು ಸೋತರೆ ದೇಹದ ಅರಿವು ಕೈಹಿಡಿಯಲಾರದೆ? ಖಂಡಿತ ಇಲ್ಲ. ಒಳಗಿವಿಯ ಅರೆವೃತ್ತಾಕಾರದ ನಾಳಗಳಲ್ಲಿರುವ ದ್ರವ ನಮಗೆ ತಿರುವನ್ನು ತಿಳಿಸುತ್ತದೆ. ಆದರೆ ತಿರುವು ಒಂದೇ ಸಮನೆ ಸಾಗಿದರೆ ಅರೆ ನಿಮಿಷದೊಳಗೆ ಆ ದ್ರವವೂ ಜೊತೆಗೇ ತಿರುಗತೊಡಗುತ್ತದೆ. ವಾಲಿದ ವಿಮಾನ ನೆಟ್ಟಗೆ ಹಾರುತ್ತಿದೆಯೆಂದೇ ಅನಿಸುತ್ತದೆ. ವಿಮಾನ ಕೆಳಗಿಳಿಯುತ್ತದೆ, ವೇಗ ಏರುತ್ತದೆ. ಗಾಬರಿಗೊಂಡ ಚಾಲಕ ನಿಯಂತ್ರಣ ದಂಡವನ್ನು ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ. ಆಗ ನಂಬಬೇಕಾದುದು ಉಪಕರಣಗಳನ್ನು ಮಾತ್ರ. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜೇಮ್ಸ್ ಡೂಲಿಟ್ಲ್, ಹೊರಗೇನೂ ಕಾಣದಂತೆ ಆಸನವನ್ನು ಮುಚ್ಚಿಸಿಕೊಂಡು, ಉಪಕರಣಗಳನ್ನೇ ನೋಡುತ್ತ ಹಾರಿ ಇಳಿದು ತೋರಿಸಿದ್ದರು. ಆದರೆ ಆ ವಿದ್ಯೆಗೆ ದೀರ್ಘ ಅಭ್ಯಾಸ ಬೇಕು.

ಅಭ್ಯಾಸವಿಲ್ಲದವರ ಗತಿಯೇನೆಂದು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದರು. ಪಕ್ಕದಲ್ಲಿ ಶಿಕ್ಷಕನನ್ನಿರಿಸಿ, 20 ಮಂದಿಗೆ ಹೊರನೋಟವನ್ನು ಮರೆಮಾಡಿ ಹಾರಿಸಿದರು. ಇಪ್ಪತ್ತೂ ಮಂದಿ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು, ಮೂರು ನಿಮಿಷವೂ ಅಲ್ಲ! ಬಳಿಕ ಅವರಿಗೆ ಕಲಿಸಿದ ಪಾಠ ಬಲು ಸರಳ: ವೇಗವನ್ನು ತಗ್ಗಿಸಿ, ಉಪಕರಣವನ್ನು ನೋಡುತ್ತ, ನಿಧಾನವಾಗಿ ಅರ್ಧವೃತ್ತ ತಿರುಗಿ ಬಂದ ದಾರಿಯಲ್ಲೇ ಹಿಂದಿರುಗುವುದು. ಇದನ್ನು ಕಲಿತ ಮೇಲೆ ಬಹುತೇಕ ಎಲ್ಲರೂ ಪಾರಾದರು.

ಮರೆಯಲಾಗದ ಪಾಠ

2002ರ ಮಾರ್ಚ್ 3ರ ಬೆಳಗ್ಗೆ ನೋಟ ಮಸುಕಾಗಿದ್ದ ವೇಳೆಯಲ್ಲಿ ಆಂಧ್ರದ ಕೈಕಲೂರಿನ ಬಳಿ ಚಿಕ್ಕ ಹೆಲಿಕಾಪ್ಟರೊಂದು ಮೀನಿನ ಹೊಂಡದಲ್ಲಿ ಬಿದ್ದಿತು. ಲೋಕಸಭೆಯ ಅಧ್ಯಕ್ಷ ಬಾಲಯೋಗಿಯವರೂ ಸೇರಿ ಮೂವರು ಅಸುನೀಗಿದರು. ಬಾನಿನಲ್ಲಿ ಮಂಜು ದೊಡ್ಡವರು ಚಿಕ್ಕವರೆಂದು ಎಣಿಸದು.

ಕಣ್ಣನ್ನೇ ನಂಬಿ ಹಾರುವವರಿಗೆ ಭಾರತದ ನಿಯಮವಿದೆ: ವಿಶೇಷ ಅನುಮತಿಯಿಲ್ಲದೆ, ನೋಟದ ದೂರ 5 ಕಿಲೋಮೀಟರಿಗಿಂತ ಅಥವಾ ಮೋಡದ ಎತ್ತರ 1,500 ಅಡಿಗಿಂತ ಕಡಿಮೆಯಿದ್ದರೆ ನಿಯಂತ್ರಿತ ನಿಲ್ದಾಣದಿಂದ ಏರಕೂಡದು, ಇಳಿಯಕೂಡದು. ‘ಇನ್ನೇನು ಊರು ಬಂದೇಬಿಟ್ಟಿತು’ ಎಂಬ ಆಸೆಯೇ ಈ ನಿಯಮದ ದೊಡ್ಡ ಶತ್ರು. ಹಿಂದಿರುಗುವವನನ್ನು ಹೇಡಿಯೆಂದು ಜರೆಯುವವರೂ ಉಂಟು. ಆದರೆ ಮನೆಯಲ್ಲಿ ಕಾದಿರುವವರಿಗೆ ಬೇಕಾದುದು ತಡವಾಗಿಯಾದರೂ ಬರುವ ಮನುಷ್ಯ.

ಹೊತ್ತು ಏರಿತು. ಕುಂದಲಹಳ್ಳಿಯ ಕೆರೆಯ ಆಚೆದಡ ಮೆಲ್ಲನೆ ಕಾಣತೊಡಗಿತು. ಒಂದೆರಡು ತಾಸು ಕಾದಿದ್ದರೆ ಸಾಕಿತ್ತು. ಮಂಜನ್ನು ಸೂರ್ಯನೇ ಕರಗಿಸುತ್ತಾನೆ.