ಕಾರಿನ ಎಂಜಿನ್‌ಗೆ ಜ್ವರ ಬಂದಾಗ

ಬೇಸಿಗೆಯ ಮಧ್ಯಾಹ್ನ. ಮದುವೆಯ ಊಟ ಮುಗಿಸಿ ಶ್ರೀನಿವಾಸಪುರದಿಂದ ಹೋಳೂರಿಗೆ ಹಿಂತಿರುಗುತ್ತಿರುವ ಕುಟುಂಬವೊಂದನ್ನು ಊಹಿಸಿಕೊಳ್ಳಿ. ನಡುದಾರಿಯಲ್ಲಿ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತದೆ. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತದೆ. ಒಡನೆಯೇ ರೇಡಿಯೇಟರಿನ ಮುಚ್ಚಳ ತಿರುವಿ, ಪಕ್ಕದ ತೋಟದ ಕೊಳವೆಬಾವಿಯ ನೀರನ್ನು ಸುರಿಯುವುದು ನಮ್ಮಲ್ಲಿ ಅನೇಕರ ರೂಢಿ. ಇದರಲ್ಲಿ ಎರಡು ತಪ್ಪುಗಳು ಅಡಗಿವೆ.

ಮೊದಲನೆಯದು ಆತುರ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ರೇಡಿಯೇಟರಿನಲ್ಲಾದರೋ, ಪ್ರೆಷರ್ ಕುಕ್ಕರಿನಲ್ಲಿರುವಂತೆ ಒತ್ತಡವಿರುವುದರಿಂದ 100 ಡಿಗ್ರಿ ದಾಟಿದರೂ ನೀರು ಕುದಿಯದೆ ನಿಲ್ಲುತ್ತದೆ. ಮುಚ್ಚಳ ತೆಗೆದ ಕ್ಷಣವೇ ಅದು ಉಕ್ಕಿ ಮುಖಕ್ಕೆ ಎರಚುತ್ತದೆ. ಆದುದರಿಂದ ವಾಹನವನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಅದು ಪೂರ್ತಿ ತಣಿಯುವವರೆಗೆ ಕಾಯಬೇಕು.

ಎರಡನೆಯದು ನೀರಿನ ದೋಷ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆ ಸಾವಿರ ಅಡಿಗೂ ಆಳದ ಕೊಳವೆಬಾವಿಗಳನ್ನು ನೆಚ್ಚಿದೆ. ಆ ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಅದೇ ಸುಣ್ಣದ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟಿಕೊಂಡು, ಉಷ್ಣ ಹೊರಹೋಗುವ ದಾರಿಯನ್ನು ಮುಚ್ಚುತ್ತದೆ.

ಇನ್ನು ಕಾರಣವನ್ನು ಮನೆಯಂಗಳದಲ್ಲಿಯೇ ಹುಡುಕುವ ಕ್ರಮವನ್ನು ನೋಡೋಣ. ಮುಂಜಾನೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಡಬ್ಬಿಯ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡಿರಿ. ಪದೇ ಪದೇ ಇಳಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ. ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟನ್ನು ಹಾಸಿದರೆ, ಬೆಳಿಗ್ಗೆ ಬಣ್ಣದ ಹನಿಗಳು ಸೋರುವ ಜಾಗವನ್ನು ತೋರಿಸುತ್ತವೆ. ರಬ್ಬರ್ ಪೈಪುಗಳ ಬಿರುಕನ್ನೂ ಬೆಲ್ಟಿನ ಬಿಗಿಯನ್ನೂ ಪರೀಕ್ಷಿಸಿರಿ.

ಮಟ್ಟ ಸರಿಯಾಗಿದ್ದರೆ, ಎಂಜಿನ್ ಯಾವಾಗ ಕಾಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿರಿ. ಮುಳಬಾಗಿಲಿನ ಹೆದ್ದಾರಿಯಲ್ಲಿ ಸುಮ್ಮನಿದ್ದು, ಕೋಲಾರ ಪೇಟೆಯ ದಟ್ಟಣೆಯಲ್ಲಿ ಮಾತ್ರ ಕಾದರೆ ಫ್ಯಾನಿನ ಮೇಲೆ ಸಂಶಯ. ಎ.ಸಿ. ಹಾಕಿದಾಗಲೂ ಫ್ಯಾನ್ ತಿರುಗದಿದ್ದರೆ ಫ್ಯೂಸ್ ನೋಡಿರಿ. ವೇಗವಾಗಿ ಹೋಗುವಾಗ, ಏರು ಹತ್ತುವಾಗ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಹೊರಗಿನ ಧೂಳು, ಹುಳುಗಳನ್ನು ಮೆಲ್ಲನೆ ನೀರು ಹಾಯಿಸಿ ತೊಳೆಯಿರಿ. ಮುಳ್ಳು ಏರಿದರೂ ರೇಡಿಯೇಟರ್ ತಣ್ಣಗೇ ಉಳಿದರೆ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತಿಲ್ಲ, ಇಲ್ಲವೇ ವಾಟರ್ ಪಂಪ್ ಕೆಟ್ಟಿದೆ. ಎಂಜಿನ್ ನಡೆಯುತ್ತಿರುವಾಗ ಸೆರಗು, ಶಲ್ಯ, ಬೆರಳುಗಳು ಬೆಲ್ಟಿನಿಂದ ದೂರವಿರಲಿ. ಎಂಜಿನ್ ಆರಿಸಿದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದೆಂಬುದನ್ನು ಮರೆಯಬಾರದು.

ಹೊಗೆಕೊಳವೆಯಿಂದ ನಿಲ್ಲದ ಬಿಳಿ ಹೊಗೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದಂಥ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಆಗ ಒಂದು ಮೈಲಿಯೂ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸುವುದೇ ಲೇಸು. ಹಟದಿಂದ ಓಡಿಸಿದರೆ ನೂರರಲ್ಲಿ ಮುಗಿಯುವ ರಿಪೇರಿ ಹತ್ತಾರು ಸಾವಿರಕ್ಕೆ ಏರುತ್ತದೆ.

ಕೈಪಿಡಿಯಲ್ಲಿ ಸೂಚಿಸಿದ ಕೂಲೆಂಟನ್ನೇ ಬಳಸಿರಿ. ನೀರು ಬೆರೆಸಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇರಲಿ. ಅನಿವಾರ್ಯವಾಗಿ ಕೊಳವೆಬಾವಿಯ ನೀರು ಹಾಕಿದ್ದರೆ, ಎಂಜಿನ್ ತಣಿದ ಮೇಲೆ ಹಾಕಿದ್ದಾದರೂ, ಊರು ಸೇರಿದೊಡನೆ ಅದನ್ನು ಬಸಿದು ತೆಗೆಸಿರಿ. ಕೂಲೆಂಟ್ ಸಿಹಿಯಾದ ವಿಷ. ಮಕ್ಕಳ, ನಾಯಿಗಳ ಬಾಯಿಗೆ ಎಟುಕದಂತೆ ಇಡಬೇಕು.

ತಿಂಗಳಿಗೊಮ್ಮೆ ಐದು ನಿಮಿಷದ ಈ ಪರಿಶೀಲನೆ ಸಾಕು. ವೃದ್ಧರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಸುಡುಬಿಸಿಲಿನಲ್ಲಿ ದಾರಿಯ ಬದಿ ನಿಲ್ಲುವ ಸಂಕಟ ತಪ್ಪುತ್ತದೆ.